ಐವಿಎಫ್ ದಿನಗಳಲ್ಲಿ ಲ್ಯಾವೆಂಡರ್, ಮಲ್ಲಿಗೆ, ಬಾಮ್

ಇಲ್ಲಿ ಇಂಗ್ಲೆಂಡಿನಲ್ಲಿ ಐವಿಎಫ್‌ಗೆ, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕ್ಕೆ ಹಾಕುವ ಚಿಕಿತ್ಸೆಗೆ, ಅಂಡಾಣು ತೆಗೆಯುವ ದಿನಕ್ಕೆ ಕ್ಲಿನಿಕ್ಕಿನವರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಸೆಂಟು, ಡಿಯೋಡರೆಂಟು, ಘಮಘಮ ಕ್ರೀಮು ಬೇಡ, ಜೊತೆಗೆ ಬರುವ ಗಂಡನಿಗೂ ಬೇಡ. ಲ್ಯಾಬಿನ ಭ್ರೂಣಕ್ಕೆ ಚರ್ಮವಿಲ್ಲ, ಲಿವರಿಲ್ಲ. ಗಾಳಿಯಲ್ಲಿ ತೇಲುವ ಸುಗಂಧದ ಅಣುಗಳು ಅದನ್ನು ಬೆಳೆಸುವ ದ್ರವದಲ್ಲೂ ಮೇಲೆ ಹೊದಿಸಿದ ಎಣ್ಣೆಯಲ್ಲೂ ಕರಗಿಬಿಡಬಲ್ಲವು. ಲ್ಯಾಬಿನ ಗಾಳಿ ಸೋಸುವ ಹೆಪಾ ಫಿಲ್ಟರು ಧೂಳು ತಡೆಯುತ್ತದೆಯೇ ಹೊರತು ವಾಸನೆಯನ್ನಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರು ಬೇರೆ ಬೇಕು.

ಬೆಂಗಳೂರಿನ ಒಳ್ಳೆಯ ಕ್ಲಿನಿಕ್ಕುಗಳೂ ಇದನ್ನೇ ಹೇಳುತ್ತವೆ, ಆದರೆ 'ಪರ್ಫ್ಯೂಮ್ ಬೇಡ' ಅನ್ನುತ್ತವೆ. ದೇವರಿಗೆ ಊದುಬತ್ತಿ ಹಚ್ಚಿ, ಒಂದು ಮೊಳ ಮಲ್ಲಿಗೆ ಮುಡಿದು, ಹಣೆಗೆ ಬಾಮ್ ತಿಕ್ಕಿಕೊಂಡು ಹೊರಟವಳಿಗೆ ತಾನು ಪರ್ಫ್ಯೂಮ್ ಹಾಕಿದ್ದೇನೆ ಅಂತ ಅನ್ನಿಸುವುದೇ ಇಲ್ಲ. ಚೀಟಿಯಲ್ಲಿ ಒಂದೊಂದನ್ನೂ ಹೆಸರು ಹಿಡಿದೇ ಬರೆಯಬೇಕು.

ಹಾಗಾದರೆ ಪರಿಮಳಕ್ಕೆ ಜಾಗ ಎಲ್ಲಿ? ಹಾರ್ಮೋನು ಇಂಜೆಕ್ಷನ್ನಿನ ಸಂಜೆಗಳಲ್ಲಿ, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್-ರೇ ಪರೀಕ್ಷೆಯಾದ ಎಚ್‌ಎಸ್‌ಜಿಗೆ ಕಾಯುವಾಗ, ಫಲಿತಾಂಶಕ್ಕೆ ಕಾಯುವ ಎರಡು ವಾರಗಳಲ್ಲಿ. ಒಂದು ಗಾಜ್ ಬಟ್ಟೆಯ ತುಂಡಿಗೆ ಲ್ಯಾವೆಂಡರಿನಂಥ ಸುಗಂಧದೆಣ್ಣೆ 2 ಹನಿ, ಮೂಗಿನಿಂದ ಒಂದು ಗೇಣು ದೂರ, 5 ನಿಮಿಷ ನಿಧಾನ ಉಸಿರು, ಆಮೇಲೆ ಜಿಪ್ ಕವರಿಗೆ. ಹನಿ ಹೆಚ್ಚಿಸಿದರೆ ತಲೆನೋವು ಬರುತ್ತದೆ, ನೆಮ್ಮದಿಯಲ್ಲ. ಬಹಳ ಮಂದಿ ಎಡವುವುದು ಬೇರೆ ಕಡೆ: ಬಾಟಲಿ ಮೊದಲು ತೆರೆಯುವುದೇ ಪರೀಕ್ಷೆಯ ದಿನ. ಆಗ ಆ ವಾಸನೆ ಭಯದ ಜೊತೆ ಅಂಟಿಕೊಳ್ಳುತ್ತದೆ. ಒಂದು ವಾರ ಮೊದಲಿನಿಂದ ಮಲಗುವ ಹೊತ್ತಿಗೆ ಅಭ್ಯಾಸವಾಗಿದ್ದರೆ ನಿದ್ದೆಯ ಜೊತೆ ಅಂಟುತ್ತದೆ.

ಮಸಾಜಿಗಾದರೆ 30 ಎಂಎಲ್ ಕೊಬ್ಬರಿ ಎಣ್ಣೆಗೆ ಸುಗಂಧದೆಣ್ಣೆ 6 ಹನಿ, ಅಂದರೆ ಸುಮಾರು ಶೇ. 1. ಕೈ, ಪಾದಕ್ಕೆ ಮಾತ್ರ. ಹಾರ್ಮೋನಿನಿಂದ ಊದಿಕೊಂಡ ಅಂಡಾಶಯ ತಿರುಚಿಕೊಳ್ಳುವ ಅಪಾಯ ಇರುವುದರಿಂದ ಹೊಟ್ಟೆ ತಿಕ್ಕುವಂತಿಲ್ಲ. ಭ್ರೂಣ ಹಾಕಿದ ಮೇಲೆ ಮೈಗೆ ಈ ಎಣ್ಣೆ ಹಚ್ಚುವುದನ್ನೇ ಬಿಡುವುದು ಕ್ಷೇಮ.

ಇಂಗ್ಲೆಂಡಿನ ಈ ಲೆಕ್ಕದ ಶಿಸ್ತು ನಮಗೆ ಬರಬೇಕು. ಆದರೆ ಎಲ್ಲದಕ್ಕೂ ಲ್ಯಾವೆಂಡರ್ ಅನ್ನುವ ಹಟ ಬೇಡ. ಆಕ್ಸ್‌ಫರ್ಡಿನ ಜಾನ್ ರ‍್ಯಾಡ್‌ಕ್ಲಿಫ್ ಆಸ್ಪತ್ರೆ 1990ರ ದಶಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ತಾಯಂದಿರಿಗೆ ಇಂಥ ಎಣ್ಣೆಗಳನ್ನು ಕೊಟ್ಟು ದಾಖಲಿಸಿತು, ಆದರೆ ಅದು ಹೆರಿಗೆಯ ಮಾತು. ಚಿಕ್ಕಂದಿನಿಂದ ಶ್ರೀಗಂಧದ ವಾಸನೆಗೆ ಒಗ್ಗಿದವಳಿಗೆ ಗಂಧವೇ ಆದೀತು. ಅಗ್ಗದ ಗಂಧದೆಣ್ಣೆ ಬಹುಮಟ್ಟಿಗೆ ಕೃತಕ. ಲೇಬಲ್ಲಿನಲ್ಲಿ ಸ್ಯಾಂಟಲಮ್ ಆಲ್ಬಮ್ ಎಂಬ ಹೆಸರು, ಬ್ಯಾಚ್ ನಂಬರು ಇದೆಯೇ ನೋಡಿ.

ಪರಿಮಳದಿಂದ ಆತಂಕ ಸ್ವಲ್ಪ ತಗ್ಗುತ್ತದೆ ಎನ್ನುವುದಕ್ಕೆ ಸಣ್ಣಪುಟ್ಟ ಅಧ್ಯಯನಗಳಿವೆ. ನೋವಿನ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳಬಾರದು. ಬೆಂಗಳೂರಿನಲ್ಲಿ ಅಂಡಾಣು ತೆಗೆಯುವಾಗ ಸಾಮಾನ್ಯವಾಗಿ ಪೂರ್ತಿ ನಿದ್ದೆ ಬರಿಸುತ್ತಾರೆ, ಇಲ್ಲಿ ಎಷ್ಟೋ ಕಡೆ ಅರೆಮಂಪರು ಮಾತ್ರ. ಎಚ್‌ಎಸ್‌ಜಿ ಮಾತ್ರ ಎರಡೂ ಕಡೆ ಎಚ್ಚರದಲ್ಲೇ. 'ಸ್ವಲ್ಪ ತಡ್ಕೊಳ್ಳಿ' ಅನ್ನುವವರಿಗೂ ಲ್ಯಾವೆಂಡರ್ ಹನಿ ಕೊಟ್ಟು ಕೈತೊಳೆದುಕೊಳ್ಳುವವರಿಗೂ ವ್ಯತ್ಯಾಸವಿಲ್ಲ. ವೈದ್ಯರನ್ನು ಕೇಳಿ, ಎಚ್‌ಎಸ್‌ಜಿಗೆ ಒಂದು ಗಂಟೆ ಮೊದಲೇ ಐಬುಪ್ರೊಫೆನ್ ಥರದ ಮಾತ್ರೆ ತೆಗೆದುಕೊಳ್ಳಬೇಕು.

ಇನ್ನು ಪ್ರೊಜೆಸ್ಟರಾನ್, ಗರ್ಭ ನಿಲ್ಲಲೆಂದು ಕೊಡುವ ಹಾರ್ಮೋನು. ಇಲ್ಲಿ ಹೆಚ್ಚಾಗಿ ಯೋನಿಯಲ್ಲಿಡುವ ಗುಳಿಗೆ. ನಮ್ಮ ಕಡೆ ಎಣ್ಣೆಯ ಇಂಜೆಕ್ಷನ್ ಇನ್ನೂ ಸಾಕಷ್ಟಿದೆ, ಚುಚ್ಚಿದಲ್ಲಿ ಗಂಟು ಕಟ್ಟುತ್ತದೆ. ಅದಕ್ಕೆ ಊಟಿಯಿಂದ ತಂದ ವಿಂಟರ್‌ಗ್ರೀನ್ ಎಣ್ಣೆ ತಿಕ್ಕುವುದುಂಟು. ಅದರಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ದಾಯಾದಿ. ಆಸ್ಪಿರಿನ್, ಹೆಪಾರಿನ್ ಥರದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ತೆಗೆದುಕೊಳ್ಳುತ್ತಿರುವವಳಿಗೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಆ ಗಂಟಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ, ಹತ್ತು ನಿಮಿಷ, ಸಾಕು.