ಫೋನಿನ ಬೆಲೆಗೆ ನಕ್ಷತ್ರ ದೋಷ

ನಮ್ಮ ಕಡೆ ಮನೆಗೆ ಹೊಸ ವಸ್ತು ಏನು ತಂದರೂ ಮೊದಲ ಪ್ರಶ್ನೆ ಒಂದೇ. ಏತಾಂಡ್? ಎಷ್ಟಾಯ್ತು? ಚಂದ ಉಂಟು, ಗಟ್ಟಿ ಉಂಟು ಅನ್ನುವುದೆಲ್ಲ ಆಮೇಲೆ. ಕುಕ್ಕರ್ ಇರಲಿ, ಅಂಜಲ್ ಮೀನು ಇರಲಿ, ಉತ್ತರ ರೆಡಿ ಇಟ್ಟುಕೊಂಡೇ ಗೇಟು ದಾಟಬೇಕು. ಇಷ್ಟು ವರ್ಷ ನಾನು ಇದರಲ್ಲಿ ತಪ್ಪಿದವನಲ್ಲ. ಹೋದ ತಿಂಗಳು ಮೊದಲ ಸಲ ತಡವರಿಸಿದೆ. ತಂದದ್ದು ಅಮ್ಮನಿಗೊಂದು ಫೋನು. ತೀರಾ ಅಗ್ಗದ್ದಲ್ಲ, ಭಾರೀ ದುಬಾರಿಯದ್ದೂ ಅಲ್ಲ. ನಡುವಿನದು.

ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿ. ಬಾಗಿಲಲ್ಲೇ ಆಳೆತ್ತರದ ಬೋರ್ಡು: ‘ಕೇವಲ 19,999’. ಕೊನೆಯ ಒಂಬತ್ತರ ತಲೆ ಮೇಲೆ ಒಂದು ಪುಟ್ಟ ನಕ್ಷತ್ರ. ಸೊಳ್ಳೆ ಕೂತಿದೆ ಅಂದುಕೊಂಡು ನಾನು ಒರೆಸಲಿಕ್ಕೂ ನೋಡಿದೆ.

"ಇದಕ್ಕೆ ಎಷ್ಟು?" ಕೇಳಿದೆ.

"ನಿಮ್ಮದು ಯಾವ ಬ್ಯಾಂಕಿನ ಕಾರ್ಡ್ ಸರ್?" ಅಂದ ಹುಡುಗ.

ಕೇಳಿದ್ದು ಫೋನಿನ ಬೆಲೆ, ಅವನು ಶುರು ಮಾಡಿದ್ದು ನನ್ನ ಜಾತಕ. ಕಾರ್ಡು ಕ್ರೆಡಿಟ್ಟಾ ಡೆಬಿಟ್ಟಾ? ಹಳೆ ಫೋನ್ ಉಂಟಾ? ಯಾವ ವರ್ಷದ್ದು? ಗಾಜಿನಲ್ಲಿ ಗೀರು ಉಂಟಾ? ಇಎಂಐ ಆರು ತಿಂಗಳಾ ಒಂಬತ್ತಾ? ನಮ್ಮ ಜೋಯಿಸರೂ ಇಷ್ಟು ಕೇಳುವುದಿಲ್ಲ ಮಾರಾಯ್ರೆ. ಹುಟ್ಟಿದ ಹೊತ್ತು ಹೇಳಿದರೆ ಅವರಿಗೆ ಸಾಕು.

ಪೆಟ್ಟಿಗೆ ತಿರುಗಿಸಿ ನೋಡಿದೆ. ಎಂಆರ್‌ಪಿ, ಎಲ್ಲ ತೆರಿಗೆ ಸೇರಿ, 27,999. ಈ ಬೆಲೆಗೆ ಯಾರಾದರೂ ಫೋನ್ ಕೊಂಡದ್ದನ್ನು ನಾನು ಕಂಡಿಲ್ಲ. ಅದು ಇರುವುದೇ ಮೇಲೊಂದು ಗೆರೆ ಎಳೆಯಲಿಕ್ಕೆ. ಗೆರೆಯ ಕೆಳಗೆ ಅಂಗಡಿಯ ಬೆಲೆ, 22,999. ಅದರಲ್ಲಿ ಒಂದು ಬ್ಯಾಂಕಿನ ಕಾರ್ಡಿಗೆ 1,500 ಕಡಿತ, ಹಳೆ ಫೋನ್ ಕೊಟ್ಟರೆ ಇನ್ನೊಂದು 1,500 ಬೋನಸ್. ಎರಡೂ ಕೂಡಿಬಂದವನಿಗೆ ಮಾತ್ರ ಬೋರ್ಡಿನ ಬೆಲೆಯ ದರ್ಶನ. ನಕ್ಷತ್ರದ ಅರ್ಥ ಅದು.

ಬ್ಯಾಂಕುಗಳೇ ಹುಟ್ಟಿದ ಸೀಮೆ ನಮ್ಮದು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ, ಎಲ್ಲ ಮಂಗಳೂರು ಉಡುಪಿಯ ಮಕ್ಕಳು. ನನ್ನ ಪರ್ಸಿನಲ್ಲಿ ಎರಡು ಕಾರ್ಡು ಇತ್ತು. ಆಫರ್ ಇದ್ದದ್ದು ಮೂರನೆಯದಕ್ಕೆ, ಎಲ್ಲೋ ದೂರದ ಊರಿನದಕ್ಕೆ.

"ಮನೆಯಲ್ಲಿ ಯಾರದ್ದಾದ್ರೂ ಇದ್ರೆ ಆಗ್ತದೆ ಸರ್."

ಭಾವನಿಗೆ ಫೋನ್ ಮಾಡಿದೆ. ಅವರು ಸತ್ಯನಾರಾಯಣ ಪೂಜೆಯಲ್ಲಿ ಕೂತಿದ್ದರು. ಮಂಗಳಾರತಿಯ ಜಾಗಟೆಯ ನಡುವೆ ಆರು ಅಂಕಿಯ ಒಟಿಪಿಯನ್ನು ಮಂತ್ರದ ಹಾಗೆ ಹೇಳಿದರು. ಎರಡು ಸಲ ತಪ್ಪಿತು. ಮೂರನೇ ಸಲ 1,500 ರೂಪಾಯಿ ಪ್ರಸಾದ ಸಿಕ್ಕಿತು.

ಹಳೆ ಫೋನಿನ ಕತೆ ಬೇರೆ. ಬೋರ್ಡಿನಲ್ಲಿ ‘ಎಕ್ಸ್‌ಚೇಂಜ್ 15,000 ವರೆಗೆ’ ಅಂತ ಉಂಟು. ಮಣಿಪಾಲದವರೆಗೆ ಅಂತ ಬೋರ್ಡು ಹಾಕಿದ ಬಸ್ಸು ಮಣಿಪಾಲಕ್ಕೇ ಹೋಗ್ತದೆ, ಅಲ್ವಾ? ಫೋನ್ ಅಂಗಡಿಯ ‘ವರೆಗೆ’ ನಮ್ಮನ್ನು ಕಲ್ಸಂಕದಲ್ಲೇ ಇಳಿಸಿತು. ಹುಡುಗ ನನ್ನ ಫೋನನ್ನು ಬೆಳಕಿಗೆ ಹಿಡಿದು, ಬಂಗುಡೆಯ ಕಿವಿ ಎತ್ತಿ ನೋಡುವ ಹಾಗೆ ನೋಡಿದ. ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಗೀರು. "ಬೋನಸ್ ಬರುದಿಲ್ಲ ಸರ್. ಸುಮ್ನೆ ಕೊಟ್ರೆ 600 ಆಗ್ತದೆ." ಆಗಲಿ ಅಂದೆ.

ಇನ್ನು ಇಎಂಐ. ಅದಕ್ಕೆ ‘ನೋ ಕಾಸ್ಟ್’ ಅಂತ ಹೆಸರು. ಬ್ಯಾಂಕು ಬಡ್ಡಿ ಬಿಡುವುದಿಲ್ಲ, ಬಿಟ್ಟರೆ ಅದು ಬ್ಯಾಂಕೇ ಅಲ್ಲ. ಮಾರುವವರು ಬಡ್ಡಿಯಷ್ಟನ್ನು ಬೆಲೆಯಲ್ಲಿ ಮೊದಲೇ ಇಳಿಸಿದ ಹಾಗೆ ತೋರಿಸುತ್ತಾರೆ, ಬ್ಯಾಂಕು ಅದನ್ನು ತಿಂಗಳು ತಿಂಗಳು ನಮ್ಮಿಂದ ವಸೂಲಿ ಮಾಡುತ್ತದೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮಾತ್ರ ನಮ್ಮ ಪಾಲು. ಜೊತೆಗೆ ಪ್ರೊಸೆಸಿಂಗ್ ಶುಲ್ಕ 199, ಅದಕ್ಕೂ ಜಿಎಸ್‌ಟಿ, ಒಟ್ಟು 234 ರೂಪಾಯಿ 82 ಪೈಸೆ. ನೋ ಕಾಸ್ಟ್‌ನ ಕಾಸ್ಟು ಇದು. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ಶೂನ್ಯ ಹೋಗಿ ‘ನೋ’ ಬಂದಿದೆ.

1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತ್ತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಕೊಟ್ಟು ಕೊಟ್ಟು ಕೊನೆಗೆ ಕೈಗೆ ಗಂಟು ಬರುತ್ತಿತ್ತು. ಇಎಂಐಯಲ್ಲೂ ಕೊಟ್ಟು ಕೊಟ್ಟು ಕೊನೆಗೆ ಬರುವುದು ಒಂದು ಹಳೆ ಫೋನು, 600 ರೂಪಾಯಿಯದ್ದು. ಆ ಬ್ಯಾಂಕು ಕೆನರಾದಲ್ಲಿ ಲೀನವಾದದ್ದು 2020ರ ಏಪ್ರಿಲ್ 1ಕ್ಕೆ. ಫೋನಿನ ಜಿಎಸ್‌ಟಿ 12ರಿಂದ 18ಕ್ಕೆ ಹಾರಿದ್ದೂ ಅದೇ ದಿನ. ಒಂದೇ ಮುಹೂರ್ತದಲ್ಲಿ ಎರಡು ಕಾರ್ಯ.

ಇಷ್ಟೆಲ್ಲ ಕೊಟ್ಟು ಕೊಳ್ಳುವುದು ಏನನ್ನು ಅಂತ ಕೇಳಬೇಡವೇ? ಕೇಳಿದೆ.

"16 ಜಿಬಿ ರ‍್ಯಾಮ್ ಸರ್."

ಪೆಟ್ಟಿಗೆಯಲ್ಲಿ 8+8 ಅಂತ ಇತ್ತು. ಮೊದಲ ಎಂಟು ನಿಜವಾದದ್ದು. ಎರಡನೇ ಎಂಟು ಸ್ಟೋರೇಜಿನಿಂದ ಕಡ ತಂದದ್ದು, ಅಸಲಿನ ವೇಗ ಅದಕ್ಕಿಲ್ಲ. ಮದುವೆಗೆ ಚಾವಡಿ ಸಾಲದಿದ್ದರೆ ನಾವೂ ಅಂಗಳದಲ್ಲಿ ಚಪ್ಪರ ಹಾಕುತ್ತೇವೆ. ಹಾಗಂತ ಮನೆ ಮಾರುವಾಗ ಎರಡು ಚಾವಡಿ ಉಂಟು ಅಂತ ಹೇಳುವುದಿಲ್ಲ.

ಬೆನ್ನ ಮೇಲೆ ಮೂರು ಕ್ಯಾಮೆರಾ. ಒಂದು 50 ಮೆಗಾಪಿಕ್ಸೆಲ್. ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು ಮಾಡುವುದರಿಂದ ಅದರಲ್ಲಿ ತೆಗೆದ ಫೋಟೋ ಹನ್ನೆರಡೂವರೆಗೆ ಇಳಿಯುತ್ತದೆ. ಉಳಿದೆರಡು ತಲಾ 2 ಮೆಗಾಪಿಕ್ಸೆಲ್ಲಿನವು. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿಗಳು ಬಂದು ಕುಣಿದು ಹೋಗುತ್ತವಲ್ಲ, ಆ ಲೆಕ್ಕ. ಪ್ರಸಂಗದಲ್ಲಿ ಅವುಗಳಿಗೆ ಪಾತ್ರವಿಲ್ಲ.

"ಐಪಿ68 ಉಂಟು ಸರ್. ನೀರಿಗೆ ಬಿದ್ರೂ ಎಂತ ಆಗುದಿಲ್ಲ."

"ಎಂತಾದ್ರೂ ಆದ್ರೆ?"

"ನೀರು ಹೋದ್ರೆ ವಾರಂಟಿ ಬರುದಿಲ್ಲ ಸರ್."

ಮತ್ತೆ ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ಮಲ್ಪೆಯ ಸಮುದ್ರಕ್ಕೆ ಇದನ್ನು ಯಾರೂ ತಿಳಿಸಿದ ಹಾಗಿಲ್ಲ.

ಚಾರ್ಜರ್ ಎಲ್ಲಿ ಅಂದೆ. ಪರಿಸರಕ್ಕೆ ಒಳ್ಳೆಯದಂತ ಪೆಟ್ಟಿಗೆಯಲ್ಲಿ ಹಾಕುವುದಿಲ್ಲವಂತೆ. ಪಕ್ಕದ ಶೋಕೇಸಿನಲ್ಲಿ 1,499ಕ್ಕೆ ಇತ್ತು. ಶೋಕೇಸಿನಲ್ಲಿಟ್ಟರೆ ಪರಿಸರಕ್ಕೆ ಏನೂ ಆಗುವುದಿಲ್ಲ.

2014ರಲ್ಲಿ ಶಿಯೋಮಿ ಮೊದಲು ಇಲ್ಲಿಗೆ ಬಂದಾಗ ಎಂಐ 3 ಫೋನಿಗೆ 13,999. ಹೇಳಿದ ಗಂಟೆಗೆ ಕಾದು ಕೂತು ಕಂಪ್ಯೂಟರ್ ಒತ್ತಬೇಕು, ಒತ್ತುವಷ್ಟರಲ್ಲಿ ಖಾಲಿ. ಆಗ ಫೋನು ಸಿಗುತ್ತಿರಲಿಲ್ಲ, ಬೆಲೆ ಗೊತ್ತಿತ್ತು. ಈಗ ಫೋನು ಎಲ್ಲ ಅಂಗಡಿಯಲ್ಲೂ ಉಂಟು.

ಮನೆಗೆ ಬಂದು ಲೆಕ್ಕ ಹಾಕಿದೆ. 22,999ರಲ್ಲಿ ಕಾರ್ಡಿನ 1,500 ಕಳೆ, ಹಳೆ ಫೋನಿನ 600 ಕಳೆ, ಶುಲ್ಕ ಕೂಡಿಸು, ಚಾರ್ಜರ್ ಕೂಡಿಸು. 22,632 ರೂಪಾಯಿ 82 ಪೈಸೆ. ಬಡ್ಡಿಯ ಜಿಎಸ್‌ಟಿ ತಿಂಗಳು ತಿಂಗಳು ಬೇರೆ. ಅಮ್ಮ ಅಷ್ಟೂ ಕೇಳಿಸಿಕೊಂಡು, "ಭಾವನಿಗೆ ಕೊಡ್ಲಿಕ್ಕೆ ಎಷ್ಟು ಬಾಕಿ ಉಂಟು, ಅದು ಹೇಳು" ಅಂದರು.

ಮೂರನೇ ದಿನ ಬೆಳಿಗ್ಗೆ ಹೊಸ ಫೋನು ತಾನಾಗಿ ಬೆಳಗಿತು. ಲಾಕ್ ಸ್ಕ್ರೀನ್ ತುಂಬ ಜಾಹೀರಾತು. ಇದೇ ಕಂಪನಿ, ಇದೇ ಫೋನು, ಇದೇ ಬಣ್ಣ, ‘ಈಗ 18,499’. ಅಷ್ಟು ಹೊತ್ತಿಗೆ ಪಕ್ಕದ ಮನೆಯ ರಾಯರು ಪೇಪರ್ ಕೇಳಲಿಕ್ಕೆ ಬಂದರು. ಮೇಜಿನ ಮೇಲೆ ಕಣ್ಣು ಬಿತ್ತು.

"ಓ, ಹೊಸತು! ಏತಾಂಡ್?"

ನಾನು ಬಾಯಿ ಬಿಡಲಿಲ್ಲ. ಫೋನನ್ನೇ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ಹಿಡಿದು ಓದಿದರು.

"ಅಡ್ಡಿಲ್ಲ, ಕಡಿಮೆಗೇ ಸಿಕ್ಕಿದೆ. ಅಲ್ಲ ಮಾರಾಯ್ರೆ, ಇದರ ಮೇಲೊಂದು ನಕ್ಷತ್ರ ಉಂಟಲ್ಲ, ಅದೆಂತದ್ದು?"