ದಿನಕ್ಕೊಂದು ಓಟು ಕೇಳುವ ಆಟಗಳು ಮತ್ತು ಮಲೆನಾಡಿನ ಆಟಗಾರರು

ಆನ್‌ಲೈನ್ ಆಟಗಳ ಸರ್ವರ್‌ಗಳಿಗೆ, ಅಂದರೆ ಹಲವರು ಇಂಟರ್ನೆಟ್ ಮೂಲಕ ಸೇರಿ ಆಡುವ ಕೇಂದ್ರಗಳಿಗೆ, ರ‍್ಯಾಂಕ್ ಕೊಡುವ ತಾಣಗಳಲ್ಲಿ ಮೇಲಿನ ಹತ್ತು ಸ್ಥಾನಗಳಲ್ಲಿರುವುದು ಅತ್ಯುತ್ತಮ ಸರ್ವರ್‌ಗಳೇ ಎಂದು ನಂಬಿ ಹೊಸ ಆಟಗಾರರು ಅಲ್ಲಿಗೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವುಗಳಲ್ಲಿ ಬಹುಪಾಲು, ಓಟು ಹಾಕಿ ಎಂದು ಆಟಗಾರರ ಬೆನ್ನು ಹತ್ತುವುದರಲ್ಲಿ ಪಳಗಿದ ಸರ್ವರ್‌ಗಳು. ಇದು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕುವವರು ಇದ್ದೇ ಇರುತ್ತಾರೆ, ಏಕೆಂದರೆ ನಾನು ಆಡುವ, ಶಿವಮೊಗ್ಗ ಮತ್ತು ತೀರ್ಥಹಳ್ಳಿ ಕಡೆಯ ಹುಡುಗರು ಸೇರಿ ನಡೆಸುವ ಪುಟ್ಟ ಮೈನ್‌ಕ್ರಾಫ್ಟ್ ಸರ್ವರ್ ಯಾವ ಪಟ್ಟಿಯ ಮೊದಲ ಪುಟದಲ್ಲೂ ಕಾಣಿಸುವುದಿಲ್ಲ. ಆದರೂ ಈ ಓಟಿನ ವ್ಯವಸ್ಥೆ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಿದವರಿಗೆ ನನ್ನ ತಕರಾರು ಏನೆಂದು ಅರ್ಥವಾದೀತು.

ಆಟವಾಡದ ಗೆಳೆಯರಿಗಾಗಿ ಸ್ವಲ್ಪ ವಿವರಣೆ. 2011ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾದ, ಚೌಕದ ಇಟ್ಟಿಗೆಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಆಟವಾದ ಮೈನ್‌ಕ್ರಾಫ್ಟ್‌ನಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು. ಹಾಗೆ ನಡೆಯುವ ಸರ್ವರ್‌ಗಳು ಸಾವಿರಾರು ಇರುವುದರಿಂದ ಹೊಸಬರಿಗೆ ದಾರಿ ತೋರಿಸಲು ಪಟ್ಟಿಯ ತಾಣಗಳು ಹುಟ್ಟಿಕೊಂಡವು. ಪಟ್ಟಿಯ ಕ್ರಮವನ್ನು ನಿರ್ಧರಿಸುವುದು ಆಟಗಾರರ ಓಟು. ಸಾಮಾನ್ಯವಾಗಿ ಒಬ್ಬರಿಗೆ ಇಪ್ಪತ್ತನಾಲ್ಕು ಗಂಟೆಗೊಂದು ಓಟು, ಕೆಲವು ಕಡೆ ಹನ್ನೆರಡು ಗಂಟೆಗೊಂದು. ತಿಂಗಳ ಮೊದಲ ದಿನ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ಪಟ್ಟಿಗಳು ಹಲವು, ಹಾಗಾಗಿ ನಿಷ್ಠಾವಂತ ಆಟಗಾರನೊಬ್ಬ ಒಂದೇ ಸರ್ವರಿಗಾಗಿ ದಿನಕ್ಕೆ ಐದಾರು ಕಡೆ ಓಟು ಹಾಕುತ್ತಾನೆ. ಇದರ ಮೇಲೆ ಹಣ ಕೊಟ್ಟವರನ್ನು ಪ್ರಾಯೋಜಿತ ಎಂಬ ಹಣೆಪಟ್ಟಿಯೊಡನೆ ತುದಿಯಲ್ಲಿ ಕೂರಿಸುವ ಪದ್ಧತಿಯೂ ಇದೆ. ಅದು ಜಾಹೀರಾತು ಎಂದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದರ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ.

ಸಿಟ್ಟು ಬರುವುದು ಓಟಿನ ಕೂಲಿಯ ಬಗ್ಗೆ. ವೋಟಿಫೈಯರ್ ಎಂಬ ಪುಟ್ಟ ಪ್ಲಗಿನ್, ಅಂದರೆ ಸರ್ವರಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ, ಇದೆ. ನೀವು ಪಟ್ಟಿಯ ತಾಣದಲ್ಲಿ ಓಟು ಹಾಕಿದ ಕೂಡಲೇ ತಾಣದ ಹೆಸರು, ನಿಮ್ಮ ಆಟದ ಹೆಸರು, ನಿಮ್ಮ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಓಟು ಹಾಕಿದ ಸಮಯ ಎಂಬ ನಾಲ್ಕು ವಿವರಗಳು ಅದರ ಮೂಲಕ ಸರ್ವರಿಗೆ ತಲುಪುತ್ತವೆ. ಸರ್ವರ್ ಆ ಕ್ಷಣವೇ ನಿಮಗೆ ವಜ್ರವನ್ನೋ, ನಾಣ್ಯವನ್ನೋ, ಬಹುಮಾನದ ಪೆಟ್ಟಿಗೆಯ ಕೀಲಿಯನ್ನೋ ಕೊಡುತ್ತದೆ. ಕೊಟ್ಟು ಸುಮ್ಮನಿರುವುದೂ ಇಲ್ಲ. ನಾವು ಕೆಲವರು ಸೇರಿ ಮಲೆನಾಡಿನ ತೊಟ್ಟಿಮನೆಯೊಂದನ್ನು ಕಟ್ಟುತ್ತಾ, ಮಾಡಿನ ಇಳಿಜಾರಿಗೆ ಯಾವ ಇಟ್ಟಿಗೆ ಹೊಂದುತ್ತದೆ ಎಂದು ಚಾಟ್‌ನಲ್ಲಿ ಚರ್ಚಿಸುತ್ತಿರುವಾಗ ನಡುವೆ ಹಸಿರು ಅಕ್ಷರಗಳ ಸಾಲೊಂದು ತೂರಿಬರುತ್ತದೆ: ಇಂಥವರು ಓಟು ಹಾಕಿ ಕೀಲಿ ಪಡೆದರು, ನೀವೂ ಹಾಕಿ. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಮಾಡಿನ ಮಾತು ಪರದೆಯ ಮೇಲಕ್ಕೆ ಸರಿದು ಕಾಣೆಯಾಗುತ್ತದೆ. ದೊಡ್ಡ ಸರ್ವರ್‌ಗಳಲ್ಲಂತೂ ಎಲ್ಲರ ಓಟು ಸೇರಿ ಇಂತಿಷ್ಟಾದಾಗ ಎಲ್ಲರಿಗೂ ಬಹುಮಾನ ಹಂಚುವ ಏರ್ಪಾಡಿರುತ್ತದೆ. ಆಗ ಓಟು ಹಾಕದವನನ್ನು ನೆನಪಿಸುವ ಕೆಲಸವನ್ನು ಸರ್ವರ್ ಮಾಡಬೇಕಾಗಿಲ್ಲ, ಪಕ್ಕದಲ್ಲಿ ಆಡುತ್ತಿರುವ ಹುಡುಗನೇ ಗದರಿಸಿ ಮಾಡುತ್ತಾನೆ.

ರಿಮೈಂಡರ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಸಂಬಳವಿಲ್ಲದೆ, ಕೈಯಿಂದ ತಿಂಗಳ ಬಾಡಿಗೆ ಕಟ್ಟಿ ಸರ್ವರ್ ನಡೆಸುವ ಹುಡುಗರು ತಮ್ಮ ಆಟ ನಾಲ್ಕು ಜನರಿಗೆ ತಿಳಿಯಲಿ ಎಂದು ಬಯಸುವುದು ನ್ಯಾಯವೇ. ಆದರೆ ನೆನಪಿಸುವುದಕ್ಕೂ ಒಂದು ಮಿತಿ ಇರಬಹುದು ಎಂಬುದಕ್ಕೆ ಬೇರೆಡೆ ಒಳ್ಳೆಯ ಉದಾಹರಣೆಗಳಿವೆ. ಆ್ಯಪಲ್ ಕಂಪನಿ 2017ರಲ್ಲಿ ಐಫೋನಿನ ತಂತ್ರಾಂಶ ಐಒಎಸ್ 10.3ರ ಜೊತೆ ತಂದ ವ್ಯವಸ್ಥೆಯಲ್ಲಿ, ರೇಟಿಂಗ್ ಕೊಡಿ ಎಂದು ಕೇಳುವ ಕಿಟಕಿಯನ್ನು ಒಂದು ಆ್ಯಪ್ 365 ದಿನಗಳಲ್ಲಿ ಮೂರಕ್ಕಿಂತ ಹೆಚ್ಚು ಸಲ ತೋರಿಸುವಂತಿಲ್ಲ, ಮತ್ತು ಬಳಕೆದಾರ ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪೂರ್ತಿ ನಿಲ್ಲಿಸಬಹುದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣ 2016ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಕೆಲವು ಆಟಗಳ ತಯಾರಕರು ಪುಕ್ಕಟೆ ಕೀ (ಆಟವನ್ನು ಪಡೆಯಲು ಬಳಸುವ ಸಂಕೇತ) ಹಂಚಿ ಹೊಗಳಿಕೆ ಬರೆಸಿಕೊಳ್ಳುತ್ತಿದ್ದರು. ಆದ್ದರಿಂದ ಸ್ಟೀಮ್‌ನ ಹೊರಗಿನಿಂದ ಬಂದ ಕೀ ಬಳಸಿದವರ ವಿಮರ್ಶೆಗಳನ್ನು ಒಟ್ಟು ಅಂಕದ ಲೆಕ್ಕದಿಂದ ಕೈಬಿಡಲಾಯಿತು. ವಿಮರ್ಶೆಗಳನ್ನು ಅಳಿಸಲಿಲ್ಲ, ಓದುವವರು ಇಂದಿಗೂ ಓದಬಹುದು. ಪ್ರಾಮಾಣಿಕವಾಗಿ ಹೊರಗೆ ಕೊಂಡವರಿಗೂ ಇದರಿಂದ ಪೆಟ್ಟು ಬಿತ್ತು ಎಂಬ ದೂರು ಆಗ ಇತ್ತು, ಆ ದೂರಿನಲ್ಲಿ ಹುರುಳೂ ಇತ್ತು. ಆದರೂ ಬಹುಮಾನ ಪಡೆದ ಓಟು ಬೇರೆ, ಮನಸಾರೆ ಹಾಕಿದ ಓಟು ಬೇರೆ ಎಂದು ಒಪ್ಪಿಕೊಳ್ಳುವ ಧೈರ್ಯವನ್ನು ಅವರು ತೋರಿಸಿದರು. ನಮ್ಮ ಪಟ್ಟಿಯ ತಾಣಗಳು ಅಷ್ಟನ್ನೂ ಮಾಡಿಲ್ಲ. ಅವುಗಳ ಇಡೀ ಎಣಿಕೆ ನಿಂತಿರುವುದೇ ಕೂಲಿಯ ಓಟಿನ ಮೇಲೆ.

ಇನ್ನು ನಮ್ಮ ಕಡೆಯವರನ್ನು ನೇರವಾಗಿ ತಟ್ಟುವ ವಿಷಯಕ್ಕೆ ಬರುತ್ತೇನೆ. ಒಬ್ಬನಿಗೆ ಒಂದೇ ಓಟು ಎಂಬ ನಿಯಮವನ್ನು ಅನೇಕ ತಾಣಗಳು ಕಾಯುವುದು ಐಪಿ ವಿಳಾಸದ ಮೂಲಕ. ಹಳೆಯ ಮಾದರಿಯ, ಅಂದರೆ ಐಪಿವಿ4 ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಹಂಚುವ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂದಿತ್ತು. ಹೀಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ಬಹಳಷ್ಟು ಗ್ರಾಹಕರನ್ನು ಕೂರಿಸುತ್ತವೆ. ಹೊಸನಗರದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಆಡುವ ಹುಡುಗಿಗೆ, ಅವಳು ಅಂದು ಒಂದು ಓಟನ್ನೂ ಹಾಕದಿದ್ದರೂ, ನೀವು ಈಗಾಗಲೇ ಓಟು ಹಾಕಿದ್ದೀರಿ, ನಾಳೆ ಬನ್ನಿ ಎಂಬ ಉತ್ತರ ಬರುವುದು ಇದರಿಂದ. ಶಿವಮೊಗ್ಗದ ಹಾಸ್ಟೆಲ್ ಒಂದರಲ್ಲಿ ಒಂದೇ ವೈಫೈ ಹಿಡಿದಿರುವ ಹುಡುಗರಲ್ಲಿ ಮೊದಲು ಎದ್ದವನದ್ದೇ ಓಟು, ಉಳಿದವರದ್ದು ಕಳ್ಳ ಓಟು. ಅತ್ತ ಐಪಿ ವಿಳಾಸವನ್ನು ಬೇರೆ ಕಡೆಯದ್ದೆಂದು ತೋರಿಸುವ ವಿಪಿಎನ್‌ಗೆ ಹಣ ಕಟ್ಟುವ ಶಕ್ತಿಯುಳ್ಳವನು ದೇಶ ಬದಲಿಸಿ ಬದಲಿಸಿ ಹತ್ತು ಓಟು ಹಾಕಿ ಹೋಗುತ್ತಾನೆ. ಹೊಸ ಮಾದರಿಯ ಐಪಿವಿ6 ವಿಳಾಸ ಎಣಿಸಿದರೆ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. ಅಲ್ಲಿ ಒಂದೊಂದು ಮನೆಗೆ ವಿಳಾಸಗಳ ದೊಡ್ಡ ಗುಚ್ಛವೇ ಸಿಗುವುದರಿಂದ, ಗುಚ್ಛವನ್ನು ಎಣಿಸದೆ ಬಿಡಿ ವಿಳಾಸವನ್ನು ಎಣಿಸುವ ತಾಣದಲ್ಲಿ ಒಬ್ಬನೇ ಬೇಕಾದಷ್ಟು ಓಟು ಹಾಕಬಹುದು. ಮೈಸೂರಿನ ಕಾರ್ಖಾನೆಯ ಶಾಯಿಯನ್ನು 1962ರ ಸಾರ್ವತ್ರಿಕ ಚುನಾವಣೆಯಿಂದ ಹಚ್ಚುತ್ತಿರುವುದು ಮತದಾರನ ಬೆರಳಿಗೇ ಹೊರತು ಅವನು ಬಂದ ಬಸ್ಸಿಗಲ್ಲ.

ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೂ ಮೇಲ್ನೋಟಕ್ಕೆ ಕಾಣುವಷ್ಟು ಸಮವಾದದ್ದಲ್ಲ. ಜುಲೈ ತಿಂಗಳಲ್ಲಿ ಹುಲಿಕಲ್, ಮಾಸ್ತಿಕಟ್ಟೆ ಕಡೆ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಕರೆಂಟಿನ ಹಿಂದೆಯೇ ಟವರೂ ಮಲಗುತ್ತದೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಓಟು ಹಾಕಿದವನು ಇಂದು ಒಂಬತ್ತರ ನಂತರವೇ ಹಾಕಬೇಕು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ ಹನ್ನೊಂದಕ್ಕೆ ಬಂದರೆ ನಾಳೆಯ ಸರದಿ ಹನ್ನೊಂದಕ್ಕೆ ಸರಿಯಿತು. ಹೀಗೆ ಜಾರುತ್ತಾ ಜಾರುತ್ತಾ ತಿಂಗಳಲ್ಲಿ ಎಷ್ಟೋ ಓಟುಗಳು ನಷ್ಟವಾಗುತ್ತವೆ. ಶರಾವತಿ ಹಿನ್ನೀರಿನ ಊರುಗಳವರು ನೆಟ್‌ವರ್ಕ್ ಇಲ್ಲದಿದ್ದರೆ ನಿಜವಾದ ಚುನಾವಣೆಯಲ್ಲೇ ಓಟು ಹಾಕುವುದಿಲ್ಲ ಎಂದು ಅಭಿಯಾನ ಮಾಡಿದ್ದರು. ಆಟದ ಓಟಿಗಾಗಿ ಯಾರೂ ಹಾಗೆ ಮಾಡಲಾರರು ಬಿಡಿ. ಉರುಳುವ ಗಂಟೆಯ ಬದಲು ಕ್ಯಾಲೆಂಡರ್ ದಿನವನ್ನು ಲೆಕ್ಕಕ್ಕೆ ಹಿಡಿದರೆ ಈ ತೊಂದರೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಅದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ನಿಜವಾದ ಪರಿಹಾರ ಖಾತೆಯನ್ನು ಎಣಿಸುವುದು. ಇಂದು ಹೆಚ್ಚಿನ ತಾಣಗಳಲ್ಲಿ ಒಂದು ಖಾಲಿ ಚೌಕದಲ್ಲಿ ಯಾವುದಾದರೂ ಹೆಸರು ಬರೆದು, ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಗುರುತಿಸಿದರೆ ಓಟು ಬಿದ್ದಂತೆಯೇ. ಆ ಹೆಸರಿನವನು ಆ ಸರ್ವರಿನಲ್ಲಿ ಒಂದು ನಿಮಿಷವಾದರೂ ಆಡಿದ್ದಾನೆಯೇ ಎಂದು ಕೇಳುವವರಿಲ್ಲ. ಆಡಿದ ಗಂಟೆಗಳ ಲೆಕ್ಕವನ್ನು ಸರ್ವರಿನವರೇ ಕಳುಹಿಸಲಿ ಎನ್ನೋಣವೆಂದರೆ, ಲಾಭ ಪಡೆಯುವವನನ್ನೇ ಸಾಕ್ಷಿಗೆ ಕರೆದಂತಾಗುತ್ತದೆ. ಮೈನ್‌ಕ್ರಾಫ್ಟ್ ಆಡಲು ಬೇಕಾಗುವ ಮೈಕ್ರೋಸಾಫ್ಟ್ ಖಾತೆಯ ಮೂಲಕವೇ ಲಾಗಿನ್ ಮಾಡಿಸಿದರೆ ಗುರುತು ಗಟ್ಟಿಯಾಗುತ್ತದೆ, ಆದರೆ ಮಕ್ಕಳ ಖಾತೆಯನ್ನು ಸಿಕ್ಕ ಸಿಕ್ಕ ತಾಣಕ್ಕೆ ಜೋಡಿಸಲು ತಂದೆತಾಯಿಗಳು ಹಿಂಜರಿಯುವುದು ಸಹಜ. ಹೀಗಿದ್ದರೂ ಇವೆರಡರಲ್ಲಿ ನನ್ನ ಒಲವು ಲಾಗಿನ್ ಕಡೆಗೇ, ಆದರೆ ಒಂದು ಷರತ್ತಿನ ಮೇಲೆ: ಖಾತೆಗೆ ತಿಂಗಳಿಗೆ ಒಂದೇ ಓಟು ಇರಬೇಕು. ದಿನದಿನವೂ ಓಟು ಹಾಕಿಸುವ ಪದ್ಧತಿ ಹೋದರೆ ದಿನದಿನದ ರಿಮೈಂಡರಿಗೂ ಕೆಲಸವಿರುವುದಿಲ್ಲ. ದಿನದ ಓಟು ನಿಂತರೆ ತಾಣಕ್ಕೆ ಬರುವವರ ಸಂಖ್ಯೆಯೂ ಜಾಹೀರಾತಿನ ಆದಾಯವೂ ಇಳಿಯುತ್ತವೆ ಎಂಬುದು ನನಗೆ ತಿಳಿಯದ್ದಲ್ಲ. ಈ ಬದಲಾವಣೆ ತಡವಾಗುತ್ತಿರುವುದಕ್ಕೆ ತಂತ್ರಜ್ಞಾನದ ಕೊರತೆಗಿಂತ ಇದೇ ದೊಡ್ಡ ಕಾರಣವಿರಬೇಕು.

ಓಟುಗಳನ್ನು ರದ್ದು ಮಾಡುವ ಬಗೆಯ ಬಗ್ಗೆಯೂ ಒಂದು ಮಾತು. 2009ರಲ್ಲಿ ಪ್ರಭಾವಿ ವ್ಯಕ್ತಿಗಳನ್ನು ಆರಿಸಲು ಟೈಮ್ ಪತ್ರಿಕೆ ನಡೆಸಿದ ಆನ್‌ಲೈನ್ ಮತದಾನವನ್ನು ಫೋರ್‌ಚಾನ್ ಎಂಬ ಚರ್ಚಾ ತಾಣದ ಗುಂಪಿನವರು ತಾವಾಗಿಯೇ ಓಟು ಹಾಕುವ ಸ್ಕ್ರಿಪ್ಟ್‌ಗಳ ಮೂಲಕ ಬುಡಮೇಲು ಮಾಡಿ, ತಮ್ಮ ತಾಣದ ಸ್ಥಾಪಕನನ್ನು ಮೊದಲ ಸ್ಥಾನದಲ್ಲಿ ಕೂರಿಸಿದ್ದಲ್ಲದೆ, ಪಟ್ಟಿಯ ಮೇಲ್ಭಾಗದ ಹೆಸರುಗಳ ಮೊದಲಕ್ಷರಗಳು ತಮಗೆ ಬೇಕಾದ ಪದಗಳಾಗುವಂತೆ ಸಾಲನ್ನೇ ಜೋಡಿಸಿದ್ದರು. ಅಂಥವರು ಇರುವವರೆಗೆ ತಾಣಗಳು ಅನುಮಾನದ ಓಟುಗಳನ್ನು ತೆಗೆದುಹಾಕಲೇಬೇಕು. ಆದರೆ ಬೆಳಗಾಗುವುದರೊಳಗೆ ಸರ್ವರೊಂದರ ಎಣಿಕೆ ಇಳಿದಿದ್ದರೆ ಎಷ್ಟು ಓಟು ಹೋಯಿತು, ಯಾವ ನಿಯಮದಡಿ ಹೋಯಿತು ಎಂದು ಆ ಸರ್ವರಿನ ಪುಟದಲ್ಲೇ ಬರೆಯಬೇಕು, ಮತ್ತು ಹಾಸ್ಟೆಲ್ಲಿನ ಹುಡುಗರು ನಾವು ಬೇರೆ ಬೇರೆ ಜನ ಎಂದು ಹೇಳಿಕೊಳ್ಳಲು ಒಂದು ವಾರದ ಅವಕಾಶವಾದರೂ ಕೊಡಬೇಕು. ನಮ್ಮ ಕಡೆ ಸರ್ವರ್ ನಡೆಸುವ ಹುಡುಗರಿಗೆ ನನ್ನ ಕೋರಿಕೆ ಇಷ್ಟೇ: ತಾಣಗಳು ಬದಲಾಗುವವರೆಗೆ ಕಾಯದೆ ಆ ಹಸಿರು ಸಾಲನ್ನು ಲಾಗಿನ್ ಆದಾಗ ಒಮ್ಮೆ ಮಾತ್ರ ಬರುವಂತೆ ಮಾಡಿ, ಬೇಡದವರಿಗೆ ಅದನ್ನು ನಿಲ್ಲಿಸುವ ಆಯ್ಕೆ ಕೊಡಿ, ಕೀಲಿಯನ್ನು ಓಟಿಗೆ ಕೊಡುವ ಬದಲು ಆಟದಲ್ಲಿ ಮಾಡಿದ ಕೆಲಸಕ್ಕೆ ಕೊಡಿ.