ಚಾಂಪಿಯನ್ ತಂಡ ಬಿಡಿಬಿಡಿಯಾಗಿ ಮಾರಾಟಕ್ಕಿದೆ

ಗೆದ್ದ ತಂಡವನ್ನು ಮಣ್ಣು ಮುಕ್ಕಿಸುವುದು ಎದುರಾಳಿಗಳ ಕೆಲಸ ಅಂತ ನಾವೆಲ್ಲ ತಿಳಿದಿದ್ದೇವೆ. ಫಿಲಡೆಲ್ಫಿಯಾದ ಮ್ಯಾನೇಜರ್ ಕಾನಿ ಮ್ಯಾಕ್ ಅದನ್ನೂ ಪರರಿಗೆ ಬಿಡಲಿಲ್ಲ, ತಾವೇ ಮಾಡಿ ಮುಗಿಸಿದರು. ಅವರ ಬೇಸ್‌ಬಾಲ್ ತಂಡ ಅಥ್ಲೆಟಿಕ್ಸ್ 1914ರಲ್ಲಿ 99 ಪಂದ್ಯ ಗೆದ್ದು ಅಮೆರಿಕನ್ ಲೀಗಿನ ತುದಿಯಲ್ಲಿತ್ತು. 1916ರಲ್ಲಿ ಗೆದ್ದದ್ದು 36, ಸೋತದ್ದು 117. ನಡುವೆ ಭೂಕಂಪವಾಗಲಿಲ್ಲ, ಪ್ಲೇಗ್ ಬರಲಿಲ್ಲ. ರಸೀದಿ ಪುಸ್ತಕ ತುಂಬಿತು, ಅಷ್ಟೆ.

ಕಾರಣವೇನೋ ಇತ್ತು. 1913ರಲ್ಲಿ ಸುಮಾರು 5 ಲಕ್ಷ 70 ಸಾವಿರ ಜನ ಟಿಕೆಟ್ ಕೊಂಡಿದ್ದರು. ಮರುವರ್ಷ ತಂಡ ಹಾಗೇ ಗೆಲ್ಲುತ್ತಿದ್ದರೂ ಬಂದವರು 3 ಲಕ್ಷ 46 ಸಾವಿರ. ಅದೇ ಹೊತ್ತಿಗೆ ಫೆಡರಲ್ ಲೀಗ್ ಎಂಬ ಹೊಸ ಅಂಗಡಿ ತೆರೆದು ಆಟಗಾರರಿಗೆ ದುಪ್ಪಟ್ಟು ಸಂಬಳದ ಆಸೆ ತೋರಿಸುತ್ತಿತ್ತು. ಹಳೆಯ ಲೀಗುಗಳ ಕರಾರಿನಲ್ಲಿ 'ರಿಸರ್ವ್' ಎಂಬ ಷರತ್ತು ಇತ್ತು. ವರ್ಷ ಮುಗಿದರೂ ಆಟಗಾರ ಕ್ಲಬ್ಬಿನ ಸ್ವತ್ತೇ. ಕ್ಲಬ್ಬಿಗೆ ಮಾತ್ರ ಹತ್ತು ದಿನದ ನೋಟಿಸ್ ಕೊಟ್ಟು ಕೈತೊಳೆದುಕೊಳ್ಳುವ ಸ್ವಾತಂತ್ರ್ಯ. ಹಾಗಾಗಿ ಆಟಗಾರ ಹೆಚ್ಚು ಸಂಬಳ ಕೇಳಿದರೆ ಉಂಡ ಮನೆಗೆ ಎರಡು ಬಗೆದ ಪಾಪಿ. ಮಾಲೀಕ ಅದೇ ಆಟಗಾರನನ್ನು ಮಾರಿದರೆ ದೂರದೃಷ್ಟಿ.

ದೂರದೃಷ್ಟಿಯ ದರಪಟ್ಟಿ ಹೀಗಿತ್ತು. ಎಡ್ಡಿ ಕಾಲಿನ್ಸ್, 1914ರ ಡಿಸೆಂಬರ್, ಶಿಕಾಗೋಗೆ 50,000 ಡಾಲರ್. ಜ್ಯಾಕ್ ಬ್ಯಾರಿ, 1915ರ ಜುಲೈ, ಬಾಸ್ಟನ್‌ಗೆ 8,000. ಬೌಲರ್‌ನ ಜಾಗದಲ್ಲಿ ನಿಲ್ಲುವ ಪಿಚರ್‌ಗಳ ಪೈಕಿ ಬೆಂಡರ್, ಪ್ಲ್ಯಾಂಕ್, ಕೂಂಬ್ಸ್ ಮೂವರನ್ನೂ ಬಿಟ್ಟದ್ದಾಯಿತು, ಅದಕ್ಕೆ ಕಾಸೂ ಹುಟ್ಟಲಿಲ್ಲ. ಫ್ರಾಂಕ್ ಬೇಕರ್ ಸಂಬಳದ ತಕರಾರಿನಲ್ಲಿ 1915ರ ಇಡೀ ಸೀಸನ್ ಆಡಲಿಲ್ಲ. ಅಷ್ಟರಲ್ಲಿ, ಆ ಡಿಸೆಂಬರಿನಲ್ಲಿ, ಫೆಡರಲ್ ಲೀಗೇ ಬಾಗಿಲು ಹಾಕಿತು. ಕಳ್ಳನ ಭಯ ಹೋಯಿತಲ್ಲ, ಇನ್ನಾದರೂ ಮನೆಯ ಸಾಮಾನು ಉಳಿಯಬೇಕಿತ್ತು. 1916ರ ಫೆಬ್ರವರಿಯಲ್ಲಿ ಬೇಕರ್ ನ್ಯೂಯಾರ್ಕ್ ಯಾಂಕೀಸ್ ಪಾಲಾದರು, 37,500ಕ್ಕೆ.

ಉಳಿದವರು ಯಾರು? ಎರಡನೇ ಬೇಸಿನಲ್ಲಿ 41ರ ಲಾಜೊಯ್, ಒಂದು ಕಾಲದ ಮಹಾರಾಜ. ಚೆಂಡು ಹೆಚ್ಚು ಉರುಳಿ ಬರುವ ಶಾರ್ಟ್‌ಸ್ಟಾಪ್ ಜಾಗಕ್ಕೆ ವಿಟ್ ಎಂಬ ಹೊಸ ಹುಡುಗ. ಒಂದೇ ಸೀಸನ್ನಿನಲ್ಲಿ ಅವನ ಲೆಕ್ಕದಲ್ಲಿ ಎಪ್ಪತ್ತಕ್ಕೂ ಹೆಚ್ಚು ಎರರ್, ಅಂದರೆ ಫೀಲ್ಡಿಂಗಿನ ತಪ್ಪು. ಇದರ ಫಲ ಉಣ್ಣುವವನು ಪಿಚರ್. ಜ್ಯಾಕ್ ನೇಬರ್ಸ್ ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 3.47 ರನ್ ಕೊಟ್ಟವನು, ಅಂಥ ಅಪರಾಧವೇನಲ್ಲ. ಆದರೆ ಫೀಲ್ಡರು ಕೈಬಿಟ್ಟದ್ದರಿಂದ ಬಂದ ರನ್ನು ಆ ಸರಾಸರಿಗೆ ಸೇರುವುದಿಲ್ಲ, ಸ್ಕೋರ್‌ಬೋರ್ಡಿಗೆ ಸೇರುತ್ತದೆ. ಅವನ ಹೆಸರಿಗೆ ಬಿದ್ದದ್ದು ಗೆಲುವು 1, ಸೋಲು 20. ಜೊತೆಗಾರ ಶೀಹನ್‌ಗೆ 1, 16. ಅದರ ನಡುವೆಯೇ ಜೋ ಬುಷ್ ಆಗಸ್ಟ್ 26ರಂದು ಕ್ಲೀವ್‌ಲ್ಯಾಂಡಿನ ಮೊದಲ ಬ್ಯಾಟರ್‌ಗೆ ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಸಿಗುವ ಪುಕ್ಕಟೆ ಬೇಸ್) ಕೊಟ್ಟು, ಮುಂದಿನ 27 ಮಂದಿಯನ್ನು ಸಾಲಾಗಿ ಔಟ್ ಮಾಡಿದ. ಒಂದೂ ಹಿಟ್ ಇಲ್ಲ. ಮಾರಾಟದ ಭರಾಟೆಯಲ್ಲಿ ಅವನೊಬ್ಬ ಕಣ್ಣುತಪ್ಪಿ ಉಳಿದಿರಬೇಕು.

ತಂಡ ಒಮ್ಮೆ ಸತತ 20 ಪಂದ್ಯ ಸೋತಿತು. ಆದರೂ ಅದರ ಸಮಾಜಸೇವೆಯನ್ನು ಮರೆಯಬಾರದು. ಎಂಟು ತಂಡಗಳ ಲೀಗಿನಲ್ಲಿ ಏಳನೆಯದಾದ ವಾಷಿಂಗ್ಟನ್ 76 ಗೆದ್ದು 77 ಸೋತಿತ್ತು, ಅಂದರೆ ಏಳನೇ ಸ್ಥಾನದವರೂ ಹೆಚ್ಚುಕಡಿಮೆ ಸಮಸಮ. 117 ಗೆಲುವುಗಳನ್ನು ಏಳು ಮನೆಗೆ ಪ್ರಸಾದದಂತೆ ಹಂಚಿದವರು ಬೇರಾರೂ ಅಲ್ಲ. ಬ್ಯಾರಿಯನ್ನು ಕೊಂಡ ಬಾಸ್ಟನ್ 1915, 1916 ಎರಡೂ ವರ್ಷ ವರ್ಲ್ಡ್ ಸೀರೀಸ್, ಅಂದರೆ ಎರಡು ದೊಡ್ಡ ಲೀಗುಗಳ ಚಾಂಪಿಯನ್ನರ ನಡುವಿನ ಅಂತಿಮ ಸರಣಿ, ಗೆದ್ದಿತು. ಕಾಲಿನ್ಸ್‌ನನ್ನು ಕೊಂಡ ಶಿಕಾಗೋ 1917ರಲ್ಲಿ.

ಇಷ್ಟಾದ ಮೇಲೆ ಮ್ಯಾನೇಜರನ್ನು ಕಿತ್ತುಹಾಕಬೇಕಲ್ಲವೆ? ಕೀಳುವವರು ಯಾರು? ಕ್ಲಬ್ಬಿನಲ್ಲಿ ಮ್ಯಾಕ್ ಸ್ವತಃ ಪಾಲುದಾರರು. ಸೂಟು, ಟೈ, ಹ್ಯಾಟು ತೊಟ್ಟು, ಕೈಯಲ್ಲಿ ಸ್ಕೋರ್‌ಕಾರ್ಡ್ ಬೀಸುತ್ತ, ಯಾವ ಫೀಲ್ಡರು ಎಲ್ಲಿ ನಿಲ್ಲಬೇಕೆಂದು ಬೆಂಚಿನಿಂದಲೇ ತೋರಿಸುತ್ತಿದ್ದರು. ನಿಂತ ಜಾಗ ಸರಿಯಾಗಿಯೇ ಇರುತ್ತಿತ್ತು, ಚೆಂಡು ಹಿಡಿಯುವವರನ್ನು ಮಾರಿಯಾಗಿತ್ತು.

ತಂಡ 1915ರಿಂದ 1921ರವರೆಗೆ ಏಳು ವರ್ಷ ಕೊನೆಯ ಸ್ಥಾನ ಬಿಡಲಿಲ್ಲ. ಮ್ಯಾಕ್ 1950ರವರೆಗೆ ಕುರ್ಚಿ ಬಿಡಲಿಲ್ಲ. ನಡುವೆ ಮತ್ತೊಂದು ಮಹಾ ತಂಡ ಕಟ್ಟಿ 1929, 1930ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. 1932ರಲ್ಲಿ ಅದರ ಸಿಮ್ಮನ್ಸ್, ಹಾಸ್, ಡೈಕ್ಸ್ ಮೂವರನ್ನೂ ಒಟ್ಟಿಗೆ ಮಾರಿದರು. ಕೊಂಡವರು ಹಳೆಯ ಗಿರಾಕಿ ಶಿಕಾಗೋ, ಬೆಲೆ 1 ಲಕ್ಷ ಡಾಲರ್.